ಕೌಂಟರ್ ಮುಚ್ಚಿದ ಮೇಲೆ ಹುಟ್ಟಿದ ಶುಲ್ಕ

ಕಳೆದ ಜುಲೈನಲ್ಲಿ ಅಣ್ಣನ ಮಗಳ ಪ್ರವೇಶಕ್ಕೆಂದು ಧಾರವಾಡದ ಕಾಲೇಜೊಂದಕ್ಕೆ ಹೋಗಿದ್ದೆ. ಶುಲ್ಕ ಕಟ್ಟುವ ಕಿಟಕಿಯ ಗಾಜಿಗೆ ‘ನಗದು ಸ್ವೀಕರಿಸುವುದಿಲ್ಲ’ ಎಂಬ ಹಾಳೆ ಅಂಟಿಸಿದ್ದರು. ನಮಗಿಂತ ಮುಂದೆ ನಿಂತಿದ್ದ ನವಲಗುಂದ ಕಡೆಯ ರೈತರೊಬ್ಬರು ಟವೆಲ್ಲಿನಲ್ಲಿ ಸುತ್ತಿದ್ದ ನೋಟಿನ ಕಟ್ಟು ಬಿಚ್ಚಿ, “ರೊಕ್ಕ ಕೈಯಾಗ ಐತ್ರಿ, ಎಣಿಸಿ ತಗೋರಿ” ಎಂದು ಕೇಳಿಕೊಳ್ಳುತ್ತಿದ್ದರು. ಗುಮಾಸ್ತರು ರಸ್ತೆಯಾಚೆಯ ಝೆರಾಕ್ಸ್ ಅಂಗಡಿಯತ್ತ ಕೈ ತೋರಿಸಿದರು. ಅಂಗಡಿಯವನು ನೋಟು ಎಣಿಸಿಕೊಂಡು ತನ್ನ ಕಾರ್ಡಿನಿಂದ ಕಟ್ಟಿಕೊಟ್ಟ. ಪರದೆಯ ಮೇಲೆ ಕಾಲೇಜು ಶುಲ್ಕದ ಕೆಳಗೆ ‘ಕನ್ವೀನಿಯನ್ಸ್ ಫೀ’ (ಅನುಕೂಲ ಶುಲ್ಕ) ಎಂಬ ಸಾಲು, ಅದರ ಕೆಳಗೆ ಜಿಎಸ್‌ಟಿ ಎಂಬ ಇನ್ನೊಂದು ಸಾಲು ಇದ್ದವು. ಅವೆರಡರ ಮೇಲೆ ಅಂಗಡಿಯವನ ನೂರು ರೂಪಾಯಿ ಬೇರೆ. ಹಣ ಕೈಯಲ್ಲಿದ್ದೂ ಅದನ್ನು ಕೊಡುವುದಕ್ಕೆ ಮೂರು ಕಡೆ ಹಣ ತೆರಬೇಕಾಗಿ ಬಂದದ್ದು ಹೇಗೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗಿನಿಂದ ಹೊರಗಿನ ಮಕ್ಕಳು ಓದಲು ಧಾರವಾಡಕ್ಕೆ ಬರುತ್ತಲೇ ಇದ್ದಾರೆ. 1947ರಲ್ಲಿ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1949ರಲ್ಲಿ ಮುಂಬೈಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷವೇ ಇಲ್ಲಿಗೆ ಬಂದಿತು. ಆ ದಶಕಗಳಲ್ಲಿ ಕಾಲೇಜಿನ ಕ್ಯಾಷಿಯರ್ ಹಣ ಎಣಿಸಿ ರಶೀದಿ ಹರಿದು ಕೊಡುತ್ತಿದ್ದರು. ಅವರ ಸಂಬಳ, ರಶೀದಿ ಪುಸ್ತಕ, ಹಣವನ್ನು ಬ್ಯಾಂಕಿಗೆ ಸಾಗಿಸುವ ಖರ್ಚು, ಎಲ್ಲವೂ ಕಾಲೇಜಿನದೇ ಆಗಿತ್ತು. ಬಳಿಕ ಚಲನ್ ಬಂದಿತು. ವಿದ್ಯಾರ್ಥಿ ಬ್ಯಾಂಕಿನ ಸರದಿಯಲ್ಲಿ ನಿಂತು ಹಣ ಕಟ್ಟಿ, ಮೊಹರು ಬಿದ್ದ ಪ್ರತಿಯನ್ನು ಕಾಲೇಜಿಗೆ ತಲುಪಿಸಬೇಕಾಗಿತ್ತು. ಎಣಿಸುವ ಕೆಲಸ ಕಾಲೇಜಿನಿಂದ ಬ್ಯಾಂಕಿಗೆ ದಾಟಿತಾದರೂ ವಿದ್ಯಾರ್ಥಿ ತೆತ್ತದ್ದು ಬಹುತೇಕ ಒಂದು ದಿನದ ಬಿಸಿಲನ್ನು ಮಾತ್ರ.

ಹೆಚ್ಚುವರಿ ಹಣ ಮೊದಲು ಕಾಣಿಸಿಕೊಂಡದ್ದು ಡಿಡಿಯಲ್ಲಿ, ಅಂದರೆ ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟಿನಲ್ಲಿ. ಅರ್ಜಿ ಶುಲ್ಕಕ್ಕೆ ಡಿಡಿ ತೆಗೆಸಿದವರಿಗೆಲ್ಲ ಬ್ಯಾಂಕಿನ ಕಮಿಷನ್ ನೆನಪಿರುತ್ತದೆ. ಆದರೂ ಅದನ್ನು ಅನ್ಯಾಯವೆಂದು ಯಾರೂ ದೊಡ್ಡದು ಮಾಡಲಿಲ್ಲ. ದೂರದಿಂದ ಕಳಿಸುವವನಿಗೆ ಬಸ್ಸಿನ ಖರ್ಚು ಉಳಿಯುತ್ತಿತ್ತು, ಊರಲ್ಲೇ ಇದ್ದವನಿಗೆ ಕೌಂಟರ್ ತೆರೆದಿರುತ್ತಿತ್ತು. ಇಂದಿನ ಸಿಟ್ಟಿಗೂ ಅಂದಿನ ಸಹನೆಗೂ ಇರುವ ವ್ಯತ್ಯಾಸವೆಲ್ಲ ಆ ತೆರೆದ ಕೌಂಟರಿನಲ್ಲೇ ಇದೆ ಎಂದು ನನಗನಿಸುತ್ತದೆ.

ಕಾರ್ಡುಗಳು ಬಂದ ಮೇಲೆ ಲೆಕ್ಕ ಬದಲಾಯಿತು. ಕಾರ್ಡ್ ಉಜ್ಜಿದಾಗ ವ್ಯಾಪಾರಿಗೆ ಪೂರ್ತಿ ಹಣ ಸಿಗುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕು, ಯಂತ್ರ ಕೊಟ್ಟ ಬ್ಯಾಂಕು, ನಡುವಿನ ಜಾಲ, ಇವರೆಲ್ಲರ ಪಾಲು ಮುರಿದುಕೊಂಡು ಉಳಿದದ್ದು ಅವನ ಖಾತೆಗೆ ಹೋಗುತ್ತದೆ. ಈ ಮುರಿತಕ್ಕೆ ಎಂಡಿಆರ್ (ಮರ್ಚೆಂಟ್ ಡಿಸ್ಕೌಂಟ್ ರೇಟ್) ಎನ್ನುತ್ತಾರೆ. ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕು 2012ರ ಸೆಪ್ಟೆಂಬರಿನಿಂದ ಮಿತಿ ಹಾಕಿತು: 2,000 ರೂಪಾಯಿವರೆಗೆ ಶೇ 0.75, ಅದಕ್ಕೂ ಮೇಲೆ ಶೇ 1. ವ್ಯಾಪಾರಿಗಳು ಇದನ್ನು ಗಿರಾಕಿಯ ತಲೆಗೆ ಕಟ್ಟುತ್ತಿರುವುದನ್ನು ಕಂಡು, ಡೆಬಿಟ್ ಕಾರ್ಡಿಗೆ ಹೆಚ್ಚುವರಿ ವಸೂಲಿ ಮಾಡುವುದು ಸಮರ್ಥನೀಯವಲ್ಲವೆಂದು 2013ರ ಸೆಪ್ಟೆಂಬರಿನಲ್ಲೇ ಹೇಳಿತು. 2018ರ ಜನವರಿಯಿಂದ ಜಾರಿಗೆ ಬಂದ ನಿಯಮವು ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ವಹಿವಾಟಿನವರಿಗೆ ಮಿತಿಯನ್ನು ಶೇ 0.90 ಎಂದೂ ಒಂದು ವ್ಯವಹಾರಕ್ಕೆ ಗರಿಷ್ಠ 1,000 ರೂಪಾಯಿ ಎಂದೂ ಗೊತ್ತುಮಾಡಿತು. ವ್ಯಾಪಾರಿಗಳು ಅದನ್ನು ಗ್ರಾಹಕರಿಗೆ ದಾಟಿಸದಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ.

ನಿಯಮ ಹೀಗಿದ್ದಾಗ ‘ಕನ್ವೀನಿಯನ್ಸ್ ಫೀ’ ಎಲ್ಲಿಂದ ಬಂದಿತು? ಆನ್‌ಲೈನ್ ಪಾವತಿಯಲ್ಲಿ ಕಾಲೇಜಿಗೂ ಬ್ಯಾಂಕಿಗೂ ನಡುವೆ ಹಣ ದಾಟಿಸಿಕೊಡುವ ‘ಪೇಮೆಂಟ್ ಗೇಟ್‌ವೇ’ ಕಂಪನಿಯೊಂದು ಇರುತ್ತದೆ. ಅದರ ಖರ್ಚನ್ನು ಕಾಲೇಜು ಹೊರುತ್ತದೆಯೋ ವಿದ್ಯಾರ್ಥಿ ಹೊರುತ್ತಾನೆಯೋ ಎಂಬುದು ಒಪ್ಪಂದ ಮಾಡಿಕೊಳ್ಳುವಾಗಲೇ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ವಿದ್ಯಾರ್ಥಿ ಅಲ್ಲಿ ಇರುವುದಿಲ್ಲ. ಎಂಡಿಆರ್ ಎಂದು ಕೇಳಿದರೆ ನಿಯಮ ಅಡ್ಡ ಬರುತ್ತದೆ. ಅದೇ ಹಣವನ್ನು ಸೇವೆಯ ಬೆಲೆ ಎಂದು ಕರೆದರೆ ಅಡ್ಡಿಪಡಿಸುವವರಿಲ್ಲ. ಬೋಧನೆಗೆ ಜಿಎಸ್‌ಟಿ ವಿನಾಯಿತಿ ಇದೆ, ಆದರೆ ಹಣ ಸಾಗಿಸುವ ಈ ಸೇವೆಗೆ ಶೇ 18 ಬೀಳುತ್ತದೆ. 60,000 ರೂಪಾಯಿ ಶುಲ್ಕಕ್ಕೆ ಶೇ 1ರಂತೆ ಹಿಡಿದರೆ 600, ಅದರ ಮೇಲೆ ತೆರಿಗೆ 108, ಒಟ್ಟು 708 ರೂಪಾಯಿ. ಮೂರು ವರ್ಷದ ಪದವಿಗೆ ಎರಡು ಸಾವಿರ ದಾಟುತ್ತದೆ. ಗದಗಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗನಿಗೆ ಇದು ಸಣ್ಣ ಮೊತ್ತವಲ್ಲ.

ನಗದು ನಿಲ್ಲಿಸಲು ಕಾಲೇಜುಗಳಿಗೂ ಕಾರಣಗಳಿದ್ದವು ಎಂಬುದನ್ನು ಒಪ್ಪಬೇಕು. 2016ರ ನವೆಂಬರಿನ ನೋಟು ರದ್ದತಿ ಎಲ್ಲರನ್ನೂ ಆನ್‌ಲೈನಿನತ್ತ ತಳ್ಳಿತು. 2017ರ ಏಪ್ರಿಲಿನಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿತು. ರಶೀದಿ ಇಲ್ಲದ ನಗದಿನ ಕೆಟ್ಟ ಹೆಸರೂ ಇತ್ತು. ರಾಜ್ಯದ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಹುಟ್ಟಿದ್ದೇ ಅಂಥ ವಸೂಲಿಯನ್ನು ತಡೆಯಲು. ನಿಗದಿತ ಶುಲ್ಕಕ್ಕಿಂತ ಹೆಚ್ಚಾಗಿ, ಯಾವುದೇ ಹೆಸರಿನಲ್ಲಿ, ನೇರವಾಗಿಯೋ ಪರೋಕ್ಷವಾಗಿಯೋ ಪಡೆದ ಹಣವೆಂದು ಆ ಕಾಯ್ದೆ ಕ್ಯಾಪಿಟೇಷನ್ನನ್ನು ವಿವರಿಸುತ್ತದೆ. ಗೇಟ್‌ವೇ ಹಣ ಕಾಲೇಜಿನ ಖಾತೆಗೆ ಹೋಗುವುದಿಲ್ಲವಾದ್ದರಿಂದ ಅದನ್ನು ಆ ಸಾಲಿಗೆ ಸೇರಿಸಲಾರೆ. ಆದರೆ ಆ ವಿವರಣೆ ಬರೆದವರಿಗೆ ಹೆಸರುಗಳ ಮಹಿಮೆ ಚೆನ್ನಾಗಿ ಗೊತ್ತಿತ್ತು.

2020ರ ಜನವರಿ 1ರಂದು ಪರಿಹಾರ ಸಿಕ್ಕಿತೆಂದೇ ಹಲವರು ತಿಳಿದರು. ಅಂದಿನಿಂದ ನಮ್ಮ ದೇಶದ್ದೇ ಜಾಲವಾದ ರುಪೇಯ ಡೆಬಿಟ್ ಕಾರ್ಡ್ ಮತ್ತು ಯುಪಿಐ ಮೇಲೆ ಎಂಡಿಆರ್ ಶೂನ್ಯ. ಹಳ್ಳಿಯ ಜನಧನ ಖಾತೆಗಳಿಗೆ ಸಿಕ್ಕಿದ್ದು ರುಪೇ ಕಾರ್ಡೇ ಆದ್ದರಿಂದ ಈ ಭಾಗದ ಪಾಲಕರಿಗೆ ಇದು ಹೇಳಿ ಮಾಡಿಸಿದ ನಿಯಮ. ಆದರೆ ನಾನು ಕಂಡ ಪಾವತಿ ಪುಟದಲ್ಲಿ ‘ಡೆಬಿಟ್ ಕಾರ್ಡ್’ ಎಂಬ ಒಂದೇ ಗುಂಡಿ ಇತ್ತು. ರುಪೇಗೂ ಉಳಿದವಕ್ಕೂ ಒಂದೇ ದರ. ಯುಪಿಐಗೆ ಬೇರೆ ತೊಡಕಿತ್ತು. ಸಾಮಾನ್ಯವಾಗಿ ಒಂದು ಬಾರಿಗೆ 1 ಲಕ್ಷದ ಮಿತಿ ಇದ್ದುದರಿಂದ ಎಂಜಿನಿಯರಿಂಗ್‌ನಂಥ ದೊಡ್ಡ ಶುಲ್ಕ ಕಟ್ಟುವವರು ಮತ್ತೆ ಕಾರ್ಡಿಗೇ ಬರಬೇಕಾಗಿತ್ತು. ಶಿಕ್ಷಣ ಸಂಸ್ಥೆ ಮತ್ತು ಆಸ್ಪತ್ರೆಗಳಿಗೆ ಈ ಮಿತಿಯನ್ನು 5 ಲಕ್ಷಕ್ಕೆ ಏರಿಸುವುದಾಗಿ ರಿಸರ್ವ್ ಬ್ಯಾಂಕು ಪ್ರಕಟಿಸಿದ್ದು 2023ರ ಡಿಸೆಂಬರಿನಲ್ಲಿ. ಇಂದು ಹಣ ಉಳಿಸುವ ದಾರಿ ಇದ್ದರೆ ಅದು ಯುಪಿಐ. ಬ್ಯಾಂಕ್ ಖಾತೆಗೆ ಜೋಡಿಸಿದ ಯುಪಿಐನಿಂದ ಕಟ್ಟುವಾಗಲೂ ಹೆಚ್ಚುವರಿ ಸಾಲು ಕಾಣಿಸಿದರೆ, ಕಟ್ಟುವ ಮೊದಲೇ ಕಾಲೇಜಿನ ಲೆಕ್ಕ ವಿಭಾಗವನ್ನು ಬರಹದಲ್ಲಿ ಕೇಳುವುದು ಒಳ್ಳೆಯದು.

ನಾವು ಕಟ್ಟಿದ ಮೇಲೆ ಕಾಲೇಜಿನ ರಶೀದಿ ಬಂದಿತು. ಅದರಲ್ಲಿ ಇದ್ದದ್ದು ಕಾಲೇಜಿನ ಶುಲ್ಕ ಮಾತ್ರ. ಗೇಟ್‌ವೇಗೆ ಹೋದ ಹಣಕ್ಕೆ ಮೊಬೈಲಿಗೆ ಬಂದ ಸಂದೇಶದ ಹೊರತು ಗುರುತಿರಲಿಲ್ಲ. ನೇರವಾಗಿ ಕಾಲೇಜಿನ ಬ್ಯಾಂಕ್ ಖಾತೆಗೆ ನೆಫ್ಟ್ (ಖಾತೆಯಿಂದ ಖಾತೆಗೆ ಹಣ ವರ್ಗಾವಣೆ) ಮಾಡಬಹುದಿತ್ತಲ್ಲ ಎಂದು ಕಿಟಕಿಯ ಬಳಿ ಮತ್ತೆ ಹೋಗಿ ಕೇಳಿದೆ. ಉಳಿತಾಯ ಖಾತೆಯಿಂದ ಆನ್‌ಲೈನ್ ನೆಫ್ಟ್ ಮಾಡಿದರೆ 2020ರಿಂದ ಬ್ಯಾಂಕುಗಳು ಏನೂ ಮುರಿದುಕೊಳ್ಳುವಂತಿಲ್ಲ. ಗುಮಾಸ್ತರು ತಲೆಯೆತ್ತಿ, “ಮಾಡಬಹುದ್ರಿ ಸರ್, ಆದ್ರ ಅದನ್ನ ನಮ್ಮ ಸಾಫ್ಟ್‌ವೇರ್ ತಗೊಳ್ಳೂದಿಲ್ಲ. ಯಾರ ಹೆಸರಿನ ರೊಕ್ಕ ಅಂತ ನಾವ ಕುಂತು ಹುಡುಕಬೇಕಾಗ್ತದ” ಎಂದು ನಕ್ಕರು.