ಡಿಎಸ್‌ಎಲ್‌ಆರ್ ಅಳೆದು ನೋಡುವುದು: ವ್ಯೂಫೈಂಡರ್ ಲೆಕ್ಕ ಮತ್ತು ಉಳಿದದ್ದು

ಅಪರ್ಚರ್, ಶಟರ್ ವೇಗ, ಐಎಸ್‌ಒ ನಿಮಗೆ ಗೊತ್ತಿದೆ ಎಂದುಕೊಂಡೇ ಶುರು ಮಾಡುತ್ತೇನೆ. ಪ್ರಶ್ನೆ ಇಷ್ಟೇ: ಹವ್ಯಾಸವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡವರು ಒಂದು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ) ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು, ಹೇಗೆ ಅಳೆದು ನೋಡಬೇಕು? ಕ್ಯಾಟಲಾಗ್‌ನಲ್ಲಿ ಅಂಕಿಗಳಿಗೇನೂ ಬರವಿಲ್ಲ. ಆದರೆ ಪ್ರತಿ ಅಂಕಿಯ ಹಿಂದೆ ಒಂದು ಷರತ್ತು ಅಡಗಿರುತ್ತದೆ. ಯಾವ ಲೆನ್ಸ್ ಹಾಕಿ ಅಳೆದರು, ಯಾವ ಬಗೆಯ ಫೈಲ್‌ಗೆ ಆ ವೇಗ, ಸೆನ್ಸರ್ ಎಷ್ಟು ದೊಡ್ಡದು? ಅದನ್ನು ಕೇಳದೆ ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಸೆನ್ಸರ್, ಮೆಗಾಪಿಕ್ಸೆಲ್: ಬೇಗ ಮುಗಿಸೋಣ

ಫುಲ್‌ಫ್ರೇಮ್ ಸೆನ್ಸರ್ ಸುಮಾರು 36×24 ಮಿ.ಮೀ. ನಿಕಾನ್‌ನ ಎಪಿಎಸ್-ಸಿ (ಅದಕ್ಕಿಂತ ಚಿಕ್ಕ ಸೆನ್ಸರ್) ಸುಮಾರು 23.5×15.6 ಮಿ.ಮೀ. ಕ್ಯಾನನ್‌ನದು ಇನ್ನೂ ತುಸು ಚಿಕ್ಕದು. ಅದಕ್ಕೇ ನಿಕಾನ್‌ನ ಕ್ರಾಪ್ ಫ್ಯಾಕ್ಟರ್ (ಫುಲ್‌ಫ್ರೇಮ್ ಇದಕ್ಕಿಂತ ಎಷ್ಟು ಪಟ್ಟು ಅಗಲ ಎಂಬ ಅಂಕಿ) 1.5, ಕ್ಯಾನನ್‌ನದು 1.6. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ವಿಸ್ತೀರ್ಣದಲ್ಲಿ ಫುಲ್‌ಫ್ರೇಮ್ ಎರಡು ಪಟ್ಟಿಗಿಂತ ಜಾಸ್ತಿ ಇದೆ. ಒಂದೇ ಕಾಲದ ಸೆನ್ಸರ್‌ಗಳಾದರೆ, ಒಂದೇ ಎಕ್ಸ್‌ಪೋಶರ್‌ನಲ್ಲಿ ಕತ್ತಲ ಫೋಟೋದ ಕಾಳುಕಾಳು ಗದ್ದಲದಲ್ಲಿ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಸ್ವಲ್ಪ ಜಾಸ್ತಿ ಅನುಕೂಲ ಸಿಗುತ್ತದೆ. ಹೋಲಿಸುವಾಗ ಎರಡೂ ಫೋಟೋಗಳನ್ನು ಒಂದೇ ಅಳತೆಗೆ ತಂದು ನೋಡಿ. ಎರಡನ್ನೂ 100% ಹಿಗ್ಗಿಸಿ ನೋಡಿದರೆ ಜಾಸ್ತಿ ಪಿಕ್ಸೆಲ್ ಇರುವ ಕ್ಯಾಮೆರಾಗೆ ಸುಮ್ನೆ ಅನ್ಯಾಯವಾಗುತ್ತದೆ.

24 ಮೆಗಾಪಿಕ್ಸೆಲ್ ಎಂದರೆ 6000×4000. ಇಂಚಿಗೆ 300 ಪಿಕ್ಸೆಲ್‌ನಂತೆ 20 ಇಂಚು ಅಗಲದ ಪ್ರಿಂಟ್ ಬರುತ್ತದೆ. ನಿಕಾನ್ ಡಿ850ರಲ್ಲಿ 45.7 ಮೆಗಾಪಿಕ್ಸೆಲ್, ಅಗಲ 8256. ಕೇಳಲು ಹತ್ತಿರಹತ್ತಿರ ಎರಡು ಪಟ್ಟು, ಅಗಲದಲ್ಲಿ ಸಿಗುವುದು ಸುಮಾರು 38% ಮಾತ್ರ. ಮೆಗಾಪಿಕ್ಸೆಲ್ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ವ್ಯೂಫೈಂಡರ್: ತಲೆ ತಿನ್ನುವ ಭಾಗ

ಇವತ್ತು ಯಾರಾದರೂ ಮಿರರ್‌ಲೆಸ್ (ಕನ್ನಡಿ ಇಲ್ಲದ ಬಗೆಯ ಕ್ಯಾಮೆರಾ) ಬಿಟ್ಟು ಡಿಎಸ್‌ಎಲ್‌ಆರ್ ಹುಡುಕುತ್ತಿದ್ದರೆ, ಅಗ್ಗವಾಗಿ ಸಿಗುತ್ತದೆ ಎನ್ನುವುದು ಒಂದು ಕಾರಣ. ಲೆನ್ಸ್‌ನಿಂದ ಬಂದ ಬೆಳಕನ್ನೇ ನೇರವಾಗಿ ಕಣ್ಣಿಗೆ ಕೊಡುವ ವ್ಯೂಫೈಂಡರ್ ಇನ್ನೊಂದು. ಹಾಗಿರುವಾಗ ಮೊದಲು ಅಳೆಯಬೇಕಾದದ್ದು ಅದನ್ನೇ ಅಲ್ವಾ? ಹೆಚ್ಚಿನವರು ಕೊನೆಗೆ ನೋಡುತ್ತಾರೆ, ಇಲ್ಲವೇ ನೋಡುವುದೇ ಇಲ್ಲ.

ಕ್ಯಾಟಲಾಗ್‌ನಲ್ಲಿ ವ್ಯೂಫೈಂಡರ್‌ಗೆ ಎರಡು ಅಂಕಿ ಇರುತ್ತವೆ. ಒಂದು ಕವರೇಜ್, ಇನ್ನೊಂದು ಹಿಗ್ಗುವಿಕೆ.

ಕವರೇಜ್ ಸುಲಭ: ಫೋಟೋಗೆ ಬರುವ ದೃಶ್ಯದಲ್ಲಿ ಎಷ್ಟು ಪಾಲು ವ್ಯೂಫೈಂಡರ್‌ನಲ್ಲಿ ಕಾಣುತ್ತದೆ ಎಂಬುದು. ನಿಕಾನ್ ಡಿ5600ರಲ್ಲಿ ಅದು 95%. ಐದೇ ಪರ್ಸೆಂಟ್ ಹೋಯಿತು ಅನ್ನಿಸುತ್ತದೆ. ಆದರೆ ಅದು ಅಗಲದಲ್ಲೂ 95%, ಎತ್ತರದಲ್ಲೂ 95%. 0.95×0.95 ಎಂದರೆ 0.90. ಚಿತ್ರದ ಹತ್ತನೇ ಒಂದು ಪಾಲು ನಿಮ್ಮ ಕಣ್ಣಿಗೆ ಬೀಳದೆಯೇ ಫೈಲ್‌ಗೆ ಇಳಿಯುತ್ತದೆ. 6000×4000ರಲ್ಲಿ ಲೆಕ್ಕ ಹಾಕಿದರೆ ಎಡಕ್ಕೆ, ಬಲಕ್ಕೆ ಸುಮಾರು 150 ಪಿಕ್ಸೆಲ್, ಮೇಲೆ, ಕೆಳಗೆ ಸುಮಾರು 100. ಮೂಲೆಯಲ್ಲಿ ಕರೆಂಟ್ ತಂತಿಯ ತುದಿಯೋ ಯಾರದೋ ಮೊಣಕೈಯೋ ಇಣುಕುವುದು ಈ ಪಟ್ಟಿಯಿಂದಲೇ. ಕ್ರಾಪ್ ಮಾಡಿದರೆ ಹೋಗುತ್ತದೆ, ನಿಜ. ಆದರೆ ಅಂಚಿನವರೆಗೆ ಅಳೆದು ಚೌಕಟ್ಟು ಕಟ್ಟುವವರಿಗೆ ಇದು ದಿನನಿತ್ಯದ ಕಿರಿಕಿರಿ.

ಇನ್ನು ಹಿಗ್ಗುವಿಕೆ. ಎರಡು ಕ್ಯಾಮೆರಾಗಳ ಅಂಕಿ ನೋಡಿ:

ನಿಕಾನ್ ಡಿ7500 (ಎಪಿಎಸ್-ಸಿ): 0.94 ಪಟ್ಟು
ನಿಕಾನ್ ಡಿ750 (ಫುಲ್‌ಫ್ರೇಮ್): 0.70 ಪಟ್ಟು

ಎರಡರ ಕವರೇಜ್ ಕೂಡ 100%. ಯಾವುದರ ವ್ಯೂಫೈಂಡರ್ ದೊಡ್ಡದು? ಅಂಕಿ ನೋಡಿದರೆ ಡಿ7500. ಕಣ್ಣಿಟ್ಟು ನೋಡಿದರೆ ಡಿ750.

ನಿಧಾನಕ್ಕೆ ಬಿಡಿಸೋಣ. ಈ ಅಂಕಿ ಅಳೆಯುವುದು 50 ಮಿ.ಮೀ. ಲೆನ್ಸ್ ಹಾಕಿ, ಅನಂತ ದೂರಕ್ಕೆ ಫೋಕಸ್ ಇಟ್ಟು. ಅದು ಹೇಳುವುದು ಒಂದೇ ವಿಷಯ: ದೂರದ ಒಂದು ಕಂಬ ಬರಿಗಣ್ಣಿಗೆ ಕಾಣುವುದಕ್ಕೆ ಹೋಲಿಸಿದರೆ ವ್ಯೂಫೈಂಡರ್‌ನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ? 1 ಆದರೆ ಎರಡೂ ಸಮ. 0.94 ಇರುವ ಕ್ಯಾಮೆರಾಗೆ 50 ಮಿ.ಮೀ. ಹಾಕಿ ಎರಡೂ ಕಣ್ಣು ತೆರೆದು ನೋಡಿ. ಎರಡು ಕಂಬಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. 0.70ರಲ್ಲಿ ವ್ಯೂಫೈಂಡರ್‌ನ ಕಂಬ ಗಿಡ್ಡ.

ಗಮನಿಸಿ, ಇದು ಕಂಬದ ಅಳತೆ. ಚೌಕಟ್ಟಿನ ಅಳತೆ ಅಲ್ಲ. ಇಡೀ ಗೊಂದಲದ ಬೇರು ಇಲ್ಲೇ ಇದೆ.

ಕನ್ನಡಿಯಿಂದ ಹೊರಳಿದ ಬೆಳಕು ಮೇಲಿರುವ ಫೋಕಸಿಂಗ್ ಸ್ಕ್ರೀನ್ ಮೇಲೆ ಬಿಂಬ ಮೂಡಿಸುತ್ತದೆ. ಒಂದೇ 50 ಮಿ.ಮೀ. ಲೆನ್ಸ್ ಆದರೆ, ಒಂದೇ ಜಾಗದಿಂದ ನೋಡಿದ ಕಂಬದ ಬಿಂಬ ಎರಡೂ ಕ್ಯಾಮೆರಾಗಳ ಸ್ಕ್ರೀನ್ ಮೇಲೆ ಒಂದೇ ಅಳತೆಯದು. ಹಿಂದೆ ಯಾವ ಸೆನ್ಸರ್ ಇದೆ ಎಂಬುದು ಲೆನ್ಸ್‌ಗೆ ಗೊತ್ತಿಲ್ಲ. ಆದರೆ ಡಿ7500ರ ಸ್ಕ್ರೀನಿನಲ್ಲಿ ಕಾಣುವ ಅಗಲ ಸುಮಾರು 23.5 ಮಿ.ಮೀ., ಡಿ750ರಲ್ಲಿ ಸುಮಾರು 36. ಕಣ್ಣು ಇಡುವ ಕಡೆಯ ಗಾಜು ಈ ಸ್ಕ್ರೀನನ್ನು ಹಿಗ್ಗಿಸಿ ತೋರಿಸುತ್ತದೆ. ಹಾಗಾಗಿ ಚೌಕಟ್ಟು ಎಷ್ಟು ಅಗಲ ಕಾಣುತ್ತದೆ ಎಂದು ತಿಳಿಯಲು ಗುಣಿಸಿ:

ಡಿ7500: 23.5 × 0.94 = 22.1
ಡಿ750: 36 × 0.70 = 25.2

ಚಿಕ್ಕ ಸ್ಕ್ರೀನನ್ನು ಜಾಸ್ತಿ ಹಿಗ್ಗಿಸಿದರೂ, ದೊಡ್ಡ ಸ್ಕ್ರೀನನ್ನು ಕಡಿಮೆ ಹಿಗ್ಗಿಸಿದ್ದಕ್ಕೆ ಸಮ ಬರಲಿಲ್ಲ. ಅಷ್ಟೇ ಕಥೆ.

ಪ್ರತಿ ಸಲ ಮಿಲಿಮೀಟರ್ ಹುಡುಕುವ ಬದಲು ಒಂದು ಅಡ್ಡದಾರಿ ಇದೆ. ಹಿಗ್ಗುವಿಕೆಯನ್ನು ಕ್ರಾಪ್ ಫ್ಯಾಕ್ಟರ್‌ನಿಂದ ಭಾಗಿಸಿ. 0.94÷1.5=0.63. ಫುಲ್‌ಫ್ರೇಮ್‌ನ ಕ್ರಾಪ್ 1, ಹಾಗಾಗಿ 0.70 ಹಾಗೇ ಉಳಿಯಿತು. ಈಗ 0.63 ಮತ್ತು 0.70 ಹೋಲಿಸಬಹುದು. ಅಗಲದಲ್ಲಿ ಸುಮಾರು 12% ವ್ಯತ್ಯಾಸ, ವಿಸ್ತೀರ್ಣದಲ್ಲಿ ಹತ್ತಿರಹತ್ತಿರ 25%.

ಇನ್ನೂ ಅನುಮಾನ ಇದ್ದರೆ ಹೀಗೆ ಯೋಚಿಸಿ. ಡಿ750ರಲ್ಲಿ 50 ಮಿ.ಮೀ. ಲೆನ್ಸ್ ತೋರಿಸುವಷ್ಟೇ ದೃಶ್ಯ ಡಿ7500ರಲ್ಲಿ ಬರಬೇಕಾದರೆ ಸುಮಾರು 33 ಮಿ.ಮೀ.ಗೆ ಹೋಗಬೇಕು. ಲೆನ್ಸ್ ಅಗಲವಾದ ಕೂಡಲೇ ಕಂಬ ಕುಗ್ಗುತ್ತದೆ. ಎಷ್ಟಕ್ಕೆ? 0.63ಕ್ಕೆ. ಅಂದರೆ ಒಂದೇ ಫೋಟೋ ತೆಗೆಯುವಾಗ ಡಿ750ರಲ್ಲಿ ಕಂಬವೂ ದೊಡ್ಡದು, ಚೌಕಟ್ಟೂ ದೊಡ್ಡದು. ಮೊದಲು ಗಿಡ್ಡ ಕಂಡದ್ದು ಎರಡಕ್ಕೂ ಒಂದೇ ಲೆನ್ಸ್ ಹಾಕಿದ್ದರಿಂದ.

ಇದೇ ಲೆಕ್ಕದಲ್ಲಿ ಕ್ಯಾನನ್ 80ಡಿ ನೋಡಿ. ಅಂಕಿ 0.95, ಡಿ7500ಕ್ಕಿಂತ ಒಂದು ಕೂದಲೆಳೆ ಜಾಸ್ತಿ. ಭಾಗಿಸುವುದು 1.6ರಿಂದ. ಉತ್ತರ 0.59. ಕಾಗದದ ಮೇಲೆ ಗೆದ್ದದ್ದು ಕಣ್ಣಿಗೆ ಸೋತಿತು. ಡಿ5600: 0.82÷1.5=0.55. ಅದರ ಕವರೇಜ್ 95% ಅಲ್ವಾ, ಅದನ್ನೂ ಗುಣಿಸಿದರೆ 0.52. ಡಿ850: 0.75. ಡಿ5600ರಿಂದ ಡಿ850ಗೆ ಹೋದರೆ ಕಣ್ಣಿಗೆ ಕಾಣುವ ಚೌಕಟ್ಟಿನ ವಿಸ್ತೀರ್ಣ ಎರಡು ಪಟ್ಟಾಗುತ್ತದೆ. ಈ ವ್ಯತ್ಯಾಸ ಕ್ಯಾಟಲಾಗ್‌ನ 0.82 ಮತ್ತು 0.75ರಲ್ಲಿ ಕಾಣುವುದಿರಲಿ, ಉಲ್ಟಾ ಕಾಣುತ್ತದೆ.

ಕನ್ನಡಕ ಹಾಕುವವರು ಐಪಾಯಿಂಟ್ ಕೂಡ ನೋಡಬೇಕು. ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದಾಗ ಇಡೀ ಚೌಕಟ್ಟು ಕಾಣುತ್ತದೆ ಎಂಬ ಅಳತೆ ಅದು. ಡಿ750ರಲ್ಲಿ 21 ಮಿ.ಮೀ., ಡಿ850ರಲ್ಲಿ 17. ಹಿಗ್ಗುವಿಕೆ ಏರಿಸಲು ಹೋದರೆ ಸಾಮಾನ್ಯವಾಗಿ ಇದು ಇಳಿಯುತ್ತದೆ. ದಪ್ಪ ಕನ್ನಡಕದವರಿಗೆ ಡಿ850ರ ದೊಡ್ಡ ಚೌಕಟ್ಟಿನ ಮೂಲೆಗಳು ತಪ್ಪಿಹೋಗಬಹುದು. ಇದನ್ನು ಬಾಡಿ ಕೈಯಲ್ಲಿ ಹಿಡಿದೇ ನೋಡಬೇಕು.

ಸ್ಕ್ರೀನಿನ ಬಿಂಬವನ್ನು ಕಣ್ಣಿನ ಕಡೆಗೆ ತಿರುಗಿಸುವ ಭಾಗದಲ್ಲಿ ಎರಡು ಬಗೆ. ಪೆಂಟಾಪ್ರಿಸಂ ಗಟ್ಟಿ ಗಾಜು. ಪೆಂಟಾಮಿರರ್ ಎಂದರೆ ಕನ್ನಡಿಗಳ ಜೋಡಣೆ, ಹಗುರ, ಆದರೆ ಬಿಂಬ ಸ್ವಲ್ಪ ಮಂಕು. ಆರಂಭಿಕರ ಬಾಡಿಗಳಲ್ಲಿ ಸಾಮಾನ್ಯವಾಗಿ ಎರಡನೆಯದು, ಡಿ5600ರಲ್ಲೂ ಅದೇ. ಇನ್ನೊಂದು ಮಾತು: ಈಗಿನ ಫೋಕಸಿಂಗ್ ಸ್ಕ್ರೀನ್‌ಗಳು ಸುಮಾರು ಎಫ್/2.8ಕ್ಕಿಂತ ತೆಳುವಾದ ಫೋಕಸ್ ಆಳವನ್ನು ಸರಿಯಾಗಿ ತೋರಿಸುವುದಿಲ್ಲ. ಎಫ್/1.4 ಲೆನ್ಸ್‌ನಲ್ಲಿ ಕೈಯಿಂದ ಫೋಕಸ್ ಮಾಡಿ, ಫೋಟೋ ಮಸುಕಾಗಿ ಬಂದಾಗ "ಸರಿ ಇತ್ತಲ್ಲ" ಎಂದರೆ ಕಣ್ಣಿನ ತಪ್ಪಲ್ಲ.

ಆಟೋಫೋಕಸ್: ಎರಡನೇ ಕನ್ನಡಿಯ ಕಥೆ

ಮುಖ್ಯ ಕನ್ನಡಿಯ ಹಿಂದೆ ಒಂದು ಚಿಕ್ಕ ಕನ್ನಡಿ ಇದೆ. ಅದು ಸ್ವಲ್ಪ ಬೆಳಕನ್ನು ಬಾಡಿಯ ತಳದಲ್ಲಿರುವ ಫೋಕಸ್ ಘಟಕಕ್ಕೆ ಕಳಿಸುತ್ತದೆ. ಅಂದರೆ ಫೋಕಸ್ ಅಳೆಯುವ ಜಾಗ ಬೇರೆ, ಫೋಟೋ ಮೂಡುವ ಜಾಗ ಬೇರೆ. ಎರಡು ದಾರಿಗಳ ಉದ್ದ ಕೂದಲಷ್ಟು ಹೆಚ್ಚುಕಡಿಮೆಯಾದರೂ ಫೋಕಸ್ ಮುಂದೆ ಅಥವಾ ಹಿಂದೆ ಬೀಳುತ್ತದೆ. ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವಾಗ) ಅಳೆಯುವುದು ಸೆನ್ಸರೇ, ಹಾಗಾಗಿ ಅಲ್ಲಿ ಈ ತೊಂದರೆ ಇಲ್ಲ.

ಪರೀಕ್ಷೆ ಇಲ್ಲೇ ಸಿಕ್ಕಿತಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಡಿ. ಲೆನ್ಸ್ ಪೂರ್ತಿ ತೆರೆಯಿರಿ. ಅಚ್ಚು ಅಕ್ಷರದ ಹಾಳೆಯೊಂದನ್ನು ಸೆನ್ಸರ್‌ಗೆ ಸಮಾನಾಂತರವಾಗಿ ನಿಲ್ಲಿಸಿ, ಪಕ್ಕದಲ್ಲಿ ಒಂದು ಸ್ಕೇಲನ್ನು ಓರೆಯಾಗಿಡಿ. ದೂರ ಲೆನ್ಸ್‌ನ ಫೋಕಲ್ ಉದ್ದದ 50 ಪಟ್ಟು ಇರಲಿ, 50 ಮಿ.ಮೀ. ಆದರೆ ಎರಡೂವರೆ ಮೀಟರ್. ವ್ಯೂಫೈಂಡರ್ ಮೂಲಕ ಫೋಕಸ್ ಮಾಡಿ ಒಂದು ಸಾಲು ಫೋಟೋ, ಲೈವ್ ವ್ಯೂನಲ್ಲಿ ಇನ್ನೊಂದು ಸಾಲು. ಪ್ರತಿ ಸಲವೂ ನಡುವೆ ಫೋಕಸ್ ಕೆಡಿಸಿ. ಒಮ್ಮೆ ಹತ್ತಿರದಿಂದ ಬರಲಿ, ಒಮ್ಮೆ ದೂರದಿಂದ. ಲೈವ್ ವ್ಯೂ ಸಾಲು ಚೂಪಾಗಿದ್ದು ಇನ್ನೊಂದು ಸಾಲು ಒಂದೇ ಕಡೆಗೆ ಜಾರಿದ್ದರೆ ಅದು ಹೊಂದಾಣಿಕೆಯ ದೋಷ. ಎರಡೂ ಕಡೆ ಚೆಲ್ಲಾಪಿಲ್ಲಿಯಾದರೆ ಹೊಂದಾಣಿಕೆಯಿಂದ ಸರಿಹೋಗುವುದಿಲ್ಲ.

ಜಾರಿದ್ದನ್ನು ಸರಿಪಡಿಸಲು ಫೈನ್ ಟ್ಯೂನ್ (ಫೋಕಸ್ ಅನ್ನು ಮೆನುವಿನಿಂದ ತುಸು ಹಿಂದೆ ಮುಂದೆ ಸರಿಸುವ) ಸೌಲಭ್ಯ ಬೇಕು. ನಿಕಾನ್, ಕ್ಯಾನನ್ ಎರಡರಲ್ಲೂ -20ರಿಂದ +20ರವರೆಗೆ. ಡಿ7500ರಲ್ಲಿ ಇದೆ, ಡಿ5600ರಲ್ಲಿ ಇಲ್ಲ. ಕ್ಯಾನನ್ 50ಡಿಯಲ್ಲಿ ಇತ್ತು, ನಂತರ ಬಂದ 60ಡಿಯಲ್ಲಿ ತೆಗೆದುಹಾಕಿದರು. ಎಫ್/1.8 ಲೆನ್ಸ್‌ನಲ್ಲಿ ಮುಖಚಿತ್ರ ತೆಗೆಯುವವರಿಗೆ ನಾಲ್ಕು ಮೆಗಾಪಿಕ್ಸೆಲ್ ಜಾಸ್ತಿ ಇರುವುದಕ್ಕಿಂತ ಈ ಮೆನು ಮುಖ್ಯ.

ವೇಗ ಮತ್ತು ಬಫರ್

ಸೆಕೆಂಡಿಗೆ ಎಷ್ಟು ಫೋಟೋ ಎಂದು ಮಾತ್ರ ಓದಬೇಡಿ. ಎಷ್ಟು ಹೊತ್ತು ಎಂದೂ ಕೇಳಿ. ನಿಕಾನ್ ಡಿ7100 ಸೆಕೆಂಡಿಗೆ 6 ತೆಗೆಯುತ್ತದೆ. ಆದರೆ 14 ಬಿಟ್ ಲಾಸ್‌ಲೆಸ್ ರಾ ಫೈಲ್‌ನಲ್ಲಿ (ಸೆನ್ಸರ್ ಕೊಟ್ಟ ಮಾಹಿತಿ ಕಳೆಯದೆ ಉಳಿಸಿದ ದೊಡ್ಡ ಫೈಲ್) ಬಫರ್‌ಗೆ (ಕಾರ್ಡ್‌ಗೆ ಬರೆಯುವ ಮೊದಲು ಫೋಟೋ ತಂಗುವ ಒಳಗಿನ ಮೆಮೊರಿ) ಹಿಡಿಸುವುದೂ 6. ಒಂದು ಸೆಕೆಂಡಿಗೆ ಉಸಿರು ಕಟ್ಟಿತು. ಡಿ7200ರಲ್ಲಿ ಅದು 18. ಡಿ7500 ಸೆಕೆಂಡಿಗೆ 8ರಂತೆ 50. ಹಕ್ಕಿ ಹಾರುವುದನ್ನು ಹಿಡಿಯುವವರು ಇದನ್ನು ನೋಡಲೇಬೇಕು. ಬೆಟ್ಟಗುಡ್ಡ ತೆಗೆಯುವವರು ಈ ಭಾಗ ದಾಟಿ ಹೋಗಬಹುದು.

ಹೊಸ ಮಾದರಿ ಎಂದರೆ ಎಲ್ಲದರಲ್ಲೂ ಮೇಲಲ್ಲ

ಡಿ7200ರಲ್ಲಿ ಎರಡು ಕಾರ್ಡ್ ಜಾಗ, ಡಿ7500ರಲ್ಲಿ ಒಂದೇ. ಹಳೆಯ ಎಐ ಲೆನ್ಸ್‌ಗಳ (ಕೈಯಿಂದ ಫೋಕಸ್ ಮಾಡುವ ನಿಕಾನ್ ಲೆನ್ಸ್‌ಗಳು) ಅಪರ್ಚರ್ ಓದುವ ಸಣ್ಣ ಲಿವರ್ ಕೂಡ ಡಿ7500ರಲ್ಲಿ ಇಲ್ಲ, ಆ ಲೆನ್ಸ್ ಹಾಕಿದರೆ ಬೆಳಕು ಅಳೆಯುವ ಮೀಟರ್ ಸಿಗುವುದಿಲ್ಲ. ಡಿ5600ರ ಬಾಡಿಯಲ್ಲಿ ಫೋಕಸ್ ಮೋಟಾರೇ ಇಲ್ಲ, ಹಾಗಾಗಿ ಸ್ವಂತ ಮೋಟಾರ್ ಇಲ್ಲದ ಹಳೆಯ ಎಎಫ್ (ಆಟೋಫೋಕಸ್) ಲೆನ್ಸ್‌ಗಳನ್ನು ಕೈಯಿಂದಲೇ ತಿರುಗಿಸಬೇಕು. ಮನೆಯಲ್ಲಿ ಹಳೆಯ ಲೆನ್ಸ್ ಇದ್ದರೆ ಬಾಡಿಗಿಂತ ಮೊದಲು ಇದನ್ನು ವಿಚಾರಿಸಿ.

ಬಳಸಿದ ಬಾಡಿ ನೋಡುವಾಗ

ನಿಕಾನ್‌ನ ಡಿ780 ಮತ್ತು ಡಿ6 ಬಂದದ್ದು 2020ರಲ್ಲಿ. ಅಲ್ಲಿಂದಾಚೆ ಆ ಕಂಪನಿಯ ಗಮನ ಮಿರರ್‌ಲೆಸ್ ಕಡೆಗೆ. ಪೆಂಟಾಕ್ಸ್ ಮಾತ್ರ 2021ರಲ್ಲೂ ಕೆ-3 ಮಾರ್ಕ್ 3 ತಂದಿತು. ಹಾಗಾಗಿ ಹೆಚ್ಚಿನವರ ಕೈಗೆ ಬರುವುದು ಬಳಸಿದ್ದೇ.

ಶಟರ್ ಎಷ್ಟು ಸಲ ಬಡಿದಿದೆ ಎಂದು ನೋಡಿ. ನಿಕಾನ್ ಫೈಲ್‌ನ ಮಾಹಿತಿಯಲ್ಲೇ ಆ ಎಣಿಕೆ ಇರುತ್ತದೆ. ಡಿ7200, ಡಿ750ರ ಶಟರ್ ಪರೀಕ್ಷಿಸಿರುವುದು 1,50,000 ಸಲಕ್ಕೆ, ಡಿ850ರದ್ದು 2,00,000ಕ್ಕೆ. ಅದು ಆಯುಷ್ಯದ ಗಡುವಲ್ಲ, ಒಂದು ಅಂದಾಜು.

ನಂತರ ಎಫ್/16 ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಫೋಟೋ ತೆಗೆಯಿರಿ. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಒರೆಸಿದರೆ ಹೋಗುವುದು ಧೂಳು, ಹೋಗದ್ದು ಗೀರು. ವ್ಯೂಫೈಂಡರ್‌ನಲ್ಲಿ ಮಾತ್ರ ಕಂಡು ಫೋಟೋದಲ್ಲಿ ಕಾಣದ ಚುಕ್ಕೆ ಇರುವುದು ಫೋಕಸಿಂಗ್ ಸ್ಕ್ರೀನ್ ಮೇಲೆ ಅಥವಾ ಅದರ ಆಸುಪಾಸು. ಅದನ್ನು ಬಟ್ಟೆಯಿಂದ ಉಜ್ಜಲು ಹೋಗಬೇಡಿ. ಆ ಸ್ಕ್ರೀನ್ ಬಲು ಮೆದು, ಬೇಗ ಗೀರು ಬೀಳುತ್ತದೆ, ಚುಕ್ಕೆಯಿಂದ ಫೋಟೋಗೆ ಏನೂ ಆಗುವುದಿಲ್ಲ.