ಬೋರ್ಡ್ ಮೇಲೆ ಯಾರೋ ಬರೆದರೆ ಬೋರ್ಡ್ ಹಾಕಿದವರ ಹೊಣೆ ಎಷ್ಟು?

ಡೊಂಬಿವಲಿಯಿಂದ ಬಂದಿದ್ದ ಹೋಟೆಲ್ ಮಾಲೀಕರು ಫೋನನ್ನು ನನ್ನ ಮುಂದೆ ಇಟ್ಟರು. "ವಕೀಲ್ರೇ, ಆ ಟೈಲ್ಸ್ ನೋಡಿ. ನಮ್ಮ ಅಡುಗೆಮನೆಯಲ್ಲಿ ಇರುವುದು ಬಿಳಿ ಟೈಲ್ಸ್. ಇದು ಹಸಿರು. ಇದು ನಮ್ಮ ಹೋಟೆಲೇ ಅಲ್ಲ ಮಾರಾಯ್ರೆ."

ಊಟ ತರಿಸುವ ಒಂದು ಆ್ಯಪ್‌ನಲ್ಲಿ ಯಾರೋ ರಿವ್ಯೂ ಬರೆದಿದ್ದರು. ಸಾಂಬಾರಿನಲ್ಲಿ ಜಿರಲೆ ಸಿಕ್ಕಿತು ಅಂತ. ಜೊತೆಗೆ ಕೊಳಕು ಅಡುಗೆಮನೆಯ ಒಂದು ಫೋಟೋ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಲೋಟ ತೊಳೆದು, ಕೊನೆಗೆ ಸ್ವಂತ ಹೋಟೆಲ್ ಹಾಕಿದ ಮನುಷ್ಯ ಅವರು. ಆ್ಯಪ್‌ನವರಿಗೆ ನಾಲ್ಕು ಸಲ ಬರೆದಿದ್ದರು. ನಾಲ್ಕು ಸಲವೂ ಒಂದೇ ಉತ್ತರ: ಅದು ಗ್ರಾಹಕರ ಅಭಿಪ್ರಾಯ, ನಾವು ಬರೀ ವೇದಿಕೆ. "ಬರೆದವನು ಯಾರಂತ ಗೊತ್ತಿಲ್ಲ. ಹಾಗಾದ್ರೆ ಆ್ಯಪ್‌ನವರ ಮೇಲೇ ಕೇಸ್ ಹಾಕುವ, ಅಲ್ವಾ?" ಎಂದು ಕೇಳಿದರು.

ಮುಂಬೈನ ಫೋರ್ಟ್‌ನಲ್ಲಿರುವ ನನ್ನ ಆಫೀಸಿಗೆ ಈ ಪ್ರಶ್ನೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ಬಂದವರ ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದದ್ದು 2000ದಲ್ಲಿ. ಅದರ 79ನೇ ಸೆಕ್ಷನ್ ಇಂಥ ಆ್ಯಪ್, ವೆಬ್‌ಸೈಟ್‌ಗಳನ್ನು 'ಮಧ್ಯವರ್ತಿ' ಎಂದು ನೋಡುತ್ತದೆ. ಮಾತು ಅವರದ್ದಲ್ಲ, ಅದನ್ನು ತಿದ್ದಿದ್ದೂ ಅವರಲ್ಲ, ಯಾರಿಗೆ ಹೋಗಬೇಕೆಂದು ಆರಿಸಿದ್ದೂ ಅವರಲ್ಲ ಎಂದಾದರೆ, ಹೊಣೆಯೂ ಅವರದ್ದಲ್ಲ. ಆದರೆ ತಪ್ಪು ಇದೆ ಎಂದು 'ನಿಜವಾಗಿ ಗೊತ್ತಾದ' ಮೇಲೂ ತೆಗೆಯದೆ ಕುಳಿತರೆ ಈ ರಕ್ಷಣೆ ಹೋಗುತ್ತದೆ. ಯಾವ ಪೋಸ್ಟ್ ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನು ಇವತ್ತು ಕಂಪನಿಗಳ ಅಲ್ಗಾರಿದಮ್‌ಗಳೇ ಆರಿಸುತ್ತವೆ. ಹಾಗಿರುವಾಗ 'ನಾವು ಆರಿಸಿಲ್ಲ' ಎಂಬ ಮಾತನ್ನು ಕೋರ್ಟುಗಳು ಇನ್ನೂ ಗಟ್ಟಿಯಾಗಿ ಪರೀಕ್ಷಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಆದರೂ ಈ ರಕ್ಷಣೆ ಬೇಡ ಎಂದು ನಾನು ಹೇಳಲಾರೆ. ಅದು ಬಂದ ದಾರಿ ನೆನಪಿದೆ.

2004ರಲ್ಲಿ ಬಾಜಿ ಡಾಟ್ ಕಾಮ್ ಎಂಬ ಹರಾಜಿನ ಸೈಟ್ ಇತ್ತು. ಅಲ್ಲಿ ಒಬ್ಬ ವಿದ್ಯಾರ್ಥಿ ಅಶ್ಲೀಲ ಕ್ಲಿಪ್ ಒಂದನ್ನು ಮಾರಾಟಕ್ಕಿಟ್ಟ. ದೆಹಲಿ ಪೊಲೀಸರು ಅವನನ್ನು ಮಾತ್ರ ಅಲ್ಲ, ಸೈಟಿನ ಮುಖ್ಯಸ್ಥರನ್ನೂ ಬಂಧಿಸಿದರು. ಅವರ ಮೇಲಿನ ಕೇಸ್ ಸುಪ್ರೀಂ ಕೋರ್ಟಿನಲ್ಲಿ ರದ್ದಾಗಿದ್ದು 2012ರಲ್ಲಿ. ಅಷ್ಟರೊಳಗೆ ಕಾಯ್ದೆಗೆ ತಿದ್ದುಪಡಿಯಾಗಿ 79ನೇ ಸೆಕ್ಷನ್‌ಗೆ ಈಗಿನ ರೂಪ ಬಂದಿತ್ತು.

ಡೊಂಬಿವಲಿಯವರಿಗೆ ನಾನು ನೋಟಿಸ್ ಬೋರ್ಡಿನ ಉದಾಹರಣೆ ಕೊಟ್ಟೆ. ಪತ್ರಿಕೆಗೆ ಓದುಗರ ಪತ್ರ ಬಂದರೆ ಸಂಪಾದಕರು ಓದಿ, ಆರಿಸಿ, ಅಚ್ಚು ಹಾಕಿಸುತ್ತಾರೆ. ಹಾಗಾಗಿ ಅವರಿಗೆ ಹೊಣೆ ಇದೆ. ನಮ್ಮ ಕನ್ನಡ ಸಂಘದ ಬೋರ್ಡ್ ಹಾಗಲ್ಲ. ರಾತ್ರಿ ಯಾರೋ ಬಂದು ಚೀಟಿ ಅಂಟಿಸಿ ಹೋದರೆ ಅಧ್ಯಕ್ಷರನ್ನು ಹಿಡಿಯಲು ಆಗುವುದಿಲ್ಲ. ಆದರೆ ಮರುದಿನ ನೀವು ಹೋಗಿ ತೋರಿಸಿದ ಮೇಲೂ ಅವರು ಆ ಚೀಟಿಯನ್ನು ಹಾಗೇ ಬಿಟ್ಟರೆ?

1937ರಲ್ಲಿ ಇಂಗ್ಲೆಂಡಿನ ಒಂದು ಗಾಲ್ಫ್ ಕ್ಲಬ್ಬಿನ ಕೇಸಿನಲ್ಲಿ ಇದೇ ಪ್ರಶ್ನೆ ಬಂದಿತ್ತು. ಕ್ಲಬ್ಬಿನಲ್ಲಿ ಕಾನೂನು ಮೀರಿ ಜೂಜಿನ ಯಂತ್ರ ಇಟ್ಟಿದ್ದರು. ಯಾರೋ ಪೊಲೀಸರಿಗೆ ತಿಳಿಸಿದರು, ಯಂತ್ರಗಳು ಹೋದವು. ಆಮೇಲೆ ಗೋಡೆ ಮೇಲೆ ಒಂದು ಪದ್ಯ ಕಾಣಿಸಿಕೊಂಡಿತು. ಸುಳಿವು ಕೊಟ್ಟದ್ದು ಇಂಥ ಸದಸ್ಯನೇ ಎಂದು ಸೂಚಿಸುವ ಪದ್ಯ. ಆತ ಕ್ಲಬ್ ಮಾಲೀಕರ ಮೇಲೆ ದಾವೆ ಹಾಕಿದ. ತೆಗೆಯುವ ಅಧಿಕಾರ ಇದ್ದವರು ಗೊತ್ತಿದ್ದೂ ತೆಗೆಯದೆ ಬಿಟ್ಟರೆ, ಅವರೂ ಪ್ರಕಟಿಸಿದ ಹಾಗೆಯೇ ಆಗಬಹುದು ಎಂದು ಮೇಲ್ಮನವಿ ಕೋರ್ಟ್ ಹೇಳಿತು. ಆದರೂ ಸದಸ್ಯ ಕೇಸ್ ಸೋತ. ಪೊಲೀಸರಿಗೆ ಸತ್ಯ ತಿಳಿಸಿದ ಎಂದರೆ ಒಳ್ಳೆಯವರ ಕಣ್ಣಲ್ಲಿ ಯಾರ ಮಾನವೂ ಹೋಗುವುದಿಲ್ಲ ಎಂಬ ಕಾರಣಕ್ಕೆ. ಸುಮಾರು 90 ವರ್ಷ ಹಳೆಯ ಈ ತೀರ್ಪಿನ ಮೊದಲ ಅರ್ಧದಲ್ಲಿ ನನಗೆ ಇವತ್ತಿಗೂ ನ್ಯಾಯ ಕಾಣುತ್ತದೆ: ಅಂಟಿಸಿದ ಕ್ಷಣಕ್ಕೆ ಹೊಣೆ ಇಲ್ಲ, ಗೊತ್ತಾದ ಮೇಲೆ ಇದೆ.

'ಗೊತ್ತಾಗುವುದು' ಎಂದರೇನು ಎಂಬಲ್ಲಿ ನಮ್ಮಲ್ಲಿ ವಿಷಯ ಬಿಗಡಾಯಿಸಿದೆ.

2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಸ್ತಬ್ಧವಾಯಿತು. ವಿರಾರ್ ಆಚೆಯ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಆ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಪ್ರಶ್ನೆ ಎತ್ತಿದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಆ ಸುದ್ದಿ ಓದಿ ದೆಹಲಿಯ ಯುವತಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಬಂದ ತೀರ್ಪಿನಲ್ಲಿ, ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜನರನ್ನು ಬಂಧಿಸಲು ಬಳಸುತ್ತಿದ್ದ 66ಎ ಸೆಕ್ಷನ್ ಬಿದ್ದುಹೋಯಿತು. ಅದು ಎಲ್ಲರಿಗೂ ನೆನಪಿದೆ. ಅದೇ ತೀರ್ಪು 79ನೇ ಸೆಕ್ಷನ್ ಬಗ್ಗೆಯೂ ಒಂದು ಮಾತು ಹೇಳಿತು: ಸೈಟಿಗೆ 'ನಿಜವಾಗಿ ಗೊತ್ತಾಗುವುದು' ಎಂದರೆ ಕೋರ್ಟ್ ಆದೇಶ ಬರಬೇಕು, ಇಲ್ಲವೇ ಸರ್ಕಾರದ ಅಧಿಸೂಚನೆ ಬರಬೇಕು. ನಾನೋ ನೀವೋ ಬರೆದ ದೂರು ಸಾಲದು.

ಯಾಕೆ ಹೀಗೆ ಹೇಳಿದರು ಎಂಬುದು ನನಗೆ ಅರ್ಥವಾಗುತ್ತದೆ. ದೂರು ಬಂತು ಅಂದ ತಕ್ಷಣ ಹೊಣೆ ಬೀಳುವುದಾದರೆ ಕಂಪನಿ ಸತ್ಯ ಹುಡುಕಲು ಹೋಗುವುದಿಲ್ಲ. ಸುಮ್ನೆ ತೆಗೆದುಬಿಡುತ್ತದೆ. ಮುಂಬೈ ಪಕ್ಕದ ಠಾಣೆ ನಗರದಲ್ಲಿ ಫ್ಲಾಟ್ ಬುಕ್ ಮಾಡಿದ್ದವರೊಬ್ಬರು ಬಿಲ್ಡರ್ ಬಗ್ಗೆ ಬರೆದಿದ್ದರು. ದುಡ್ಡು ಕೊಟ್ಟು ವರ್ಷಗಳಾದರೂ ಮನೆ ಸಿಕ್ಕಿಲ್ಲ ಅಂತ. ಅದನ್ನು ತೆಗೆಸಲು ನೋಟಿಸ್ ಕೊಡಿ ಎಂದು ಬಿಲ್ಡರ್ ಕಡೆಯವರು ನನ್ನ ಹತ್ತಿರ ಬಂದರು. ಕಾಗದ ನೋಡಿದೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಒಪ್ಪಲಿಲ್ಲ. ಆದರೆ ಒಪ್ಪುವ ವಕೀಲರು ಸಿಗುತ್ತಾರೆ. ದೊಡ್ಡವರ ಲೆಟರ್‌ಹೆಡ್ಡಿಗೆ ಹೆದರಿ ಸೈಟು ಬಗ್ಗಿದರೆ ಮೊದಲು ಅಳಿಸಿ ಹೋಗುವುದು ಇಂಥ ಸತ್ಯಗಳೇ.

ಇನ್ನೊಂದು ಕಡೆ ಡೊಂಬಿವಲಿಯವರು ಕೂತಿದ್ದಾರೆ. ಒಂದು ಸುಳ್ಳು ರಿವ್ಯೂ ತೆಗೆಸಲು ಅವರು ವಕೀಲರಿಗೆ ಫೀಸ್ ಕೊಟ್ಟು, ದಾವೆ ಹೂಡಿ, ತಡೆಯಾಜ್ಞೆ ತರಬೇಕು. ಅಷ್ಟರಲ್ಲಿ ಆರ್ಡರ್‌ಗಳು ಅರ್ಧಕ್ಕೆ ಇಳಿದಿರುತ್ತವೆ.

ಕಾನೂನು ಈ ಕಷ್ಟವನ್ನು ಒಂದು ಕಡೆ ಮಾತ್ರ ಚೆನ್ನಾಗಿ ಬಿಡಿಸಿದೆ. ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ಧಾರವಾಡದ ಹುಡುಗಿಯೊಬ್ಬಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದಳು. ಅವಳ ಮುಖವನ್ನು ಬೇರೆಯವರ ಬೆತ್ತಲೆ ಮೈಗೆ ಅಂಟಿಸಿ ಯಾರೋ ಹಾಕಿದ್ದರು. "ಅಪ್ಪಗ ಗೊತ್ತಾದ್ರ ಹೆಂಗ್ರಿ ಮೇಡಂ" ಎಂಬ ಒಂದೇ ಮಾತು, ಅಳು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬಂದ 2021ರ ನಿಯಮಗಳಲ್ಲಿ ಇದಕ್ಕೆ ಬೇರೆ ದಾರಿ ಇದೆ. ನಗ್ನ ಚಿತ್ರ, ತಿರುಚಿದ ಚಿತ್ರ, ಬೇರೆಯವರ ಸೋಗು ಇಂಥದ್ದರಲ್ಲಿ ಕೋರ್ಟ್ ಆದೇಶ ಬೇಡ. ತೊಂದರೆಗೊಳಗಾದವರೇ ದೂರು ಕೊಟ್ಟರೆ ಸಾಕು. ನಿಯಮ ಬಂದಾಗ ಗಡುವು 24 ಗಂಟೆ ಇತ್ತು. ನಾವು ರಾತ್ರಿಯೇ ಲಿಂಕ್ ಸಮೇತ ದೂರು ಕಳಿಸಿದೆವು. ಮರುದಿನ ಸಂಜೆಯೊಳಗೆ ಚಿತ್ರ ಹೋಗಿತ್ತು. ಇಲ್ಲಿ ನಿಜ ಯಾವುದು ಎಂದು ಯಾರೂ ವಾದ ಮಾಡಬೇಕಾಗಿಲ್ಲ. ಅದಕ್ಕೇ ಈ ನಿಯಮ ಕೆಲಸ ಮಾಡುತ್ತದೆ.

ಮಾನದ ವಿಷಯದಲ್ಲಿ ಹಾಗಲ್ಲ. ಜಿರಲೆ ಇತ್ತೋ ಇಲ್ಲವೋ ಎಂದು ಆ್ಯಪ್ ಕಂಪನಿಯ ನೌಕರ ಹೇಗೆ ತೀರ್ಮಾನಿಸಬೇಕು? ಅದೇ ನಿಯಮಗಳ 2022ರ ತಿದ್ದುಪಡಿಯಲ್ಲಂತೂ, ಬಳಕೆದಾರರು ಹಾಕಬಾರದ ವಿಷಯಗಳ ಪಟ್ಟಿಯಿಂದ 'ಮಾನಹಾನಿ' ಎಂಬ ಪದವನ್ನೇ ತೆಗೆದುಬಿಟ್ಟರು.

ಇದಕ್ಕೆ ಬ್ರಿಟನ್ ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. ಅವರ 2013ರ ಮಾನಹಾನಿ ಕಾಯ್ದೆಯ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸೈಟಿನವರು ಅದನ್ನು ಬರೆದವನಿಗೆ ಕಳಿಸಬೇಕು. ಅವನಿಗೆ 5 ದಿನ ಸಮಯ. ಉತ್ತರ ಬಾರದಿದ್ದರೆ ಬರೆದದ್ದನ್ನು ತೆಗೆಯಬೇಕು. 'ನನ್ನ ಮಾತಿಗೆ ನಾನು ನಿಲ್ಲುತ್ತೇನೆ' ಎಂದು ಅವನು ಹೆಸರು, ವಿಳಾಸ ಕೊಟ್ಟರೆ ಮಾತು ಹಾಗೇ ಉಳಿಯುತ್ತದೆ. ಆಮೇಲೆ ಜಗಳ ಅವರಿಬ್ಬರದ್ದು, ಕೋರ್ಟಿನಲ್ಲಿ. ಈ ಕ್ರಮ ಪಾಲಿಸಿದ ಸೈಟಿಗೆ ಹೊಣೆ ಇಲ್ಲ, ಪಾಲಿಸದಿದ್ದರೆ ಈ ರಕ್ಷಣೆಯೂ ಇಲ್ಲ. ಠಾಣೆಯ ಫ್ಲಾಟಿನವರು ಧೈರ್ಯವಾಗಿ ನಿಲ್ಲುತ್ತಿದ್ದರು. ಹಸಿರು ಟೈಲ್ಸ್ ಫೋಟೋ ಹಾಕಿದವನು ಓಡಿಹೋಗುತ್ತಿದ್ದ. ಇಂಥದ್ದೊಂದು ಸೆಕ್ಷನ್ ನಮ್ಮಲ್ಲೂ ಬರಬೇಕು. ಹೆದರಿ ಹೆಸರು ಮುಚ್ಚಿಟ್ಟು ಬರೆಯುವವರಿಗೆ, ಅಂದರೆ ಕಂಪನಿಯ ಒಳಗಿನ ಅನ್ಯಾಯ ಹೇಳುವ ನೌಕರರಿಗೆ, ಗುರುತು ದೂರುದಾರರಿಗೆ ಹೋಗದ ಹಾಗೆ ರಕ್ಷಣೆಯೂ ಅದರಲ್ಲಿರಬೇಕು.

ಹೊಣೆಯ ಲಗಾಮನ್ನು ಸರ್ಕಾರದ ಕೈಗೆ ಕೊಡುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಒಂದು ತಿದ್ದುಪಡಿ ತಂದಿತು. ಸರ್ಕಾರದ ಕೆಲಸದ ಬಗ್ಗೆ ಯಾವುದು ಸುಳ್ಳು ಎಂದು ಸರ್ಕಾರವೇ ನೇಮಿಸಿದ ಘಟಕ ಹೇಳುತ್ತದೆ, ಅದನ್ನು ಉಳಿಸಿಕೊಂಡ ಸೈಟ್ ರಕ್ಷಣೆ ಕಳೆದುಕೊಳ್ಳಬೇಕಾಗುತ್ತದೆ. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತು ಇತರರು ಬಾಂಬೆ ಹೈಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಬೇರೆಯಾಯಿತು. ಸೆಪ್ಟೆಂಬರ್‌ನಲ್ಲಿ ಮೂರನೆಯವರು ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದರು. ತನ್ನ ಬಗ್ಗೆ ಬಂದ ದೂರನ್ನು ತಾನೇ ತೀರ್ಮಾನಿಸುವ ಅಧಿಕಾರ ಯಾರಿಗೂ ಇರಬಾರದು.

ಸಂಘಗಳ ವಾಟ್ಸಾಪ್ ಗ್ರೂಪ್ ಅಡ್ಮಿನ್‌ಗಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆಗೆ ಉತ್ತರ ಚಿಕ್ಕದು. ಬೇರೆ ಸದಸ್ಯರು ಹಾಕಿದ ಕೆಟ್ಟ ಮೆಸೇಜಿಗೆ ಅಡ್ಮಿನ್ ಹೊಣೆ ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರ ಮಾರ್ಚ್‌ನಲ್ಲಿ ಹೇಳಿದೆ, ನೀವೂ ಅದರಲ್ಲಿ ಸೇರಿಕೊಂಡಿರದಿದ್ದರೆ. ಆದರೂ ಕಂಡ ತಕ್ಷಣ ಅಳಿಸಿ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.

ಡೊಂಬಿವಲಿಯವರಿಗೆ ಕೇಸ್ ಬೇಡ ಎಂದೆ. ಅಡುಗೆಮನೆಯ ಪ್ರತಿ ಗೋಡೆಯ ಫೋಟೋ ತೆಗೆಸಿದೆವು. ಟೈಲ್ಸ್ ಕೊಂಡ ಹಳೆಯ ಬಿಲ್ ಅವರ ಹೆಂಡತಿಯ ಹತ್ತಿರ ಸಿಕ್ಕಿತು. ರಿವ್ಯೂನ ಲಿಂಕ್, ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ, ಗೊತ್ತಿದ್ದೂ ಹಾಕಿದ ಸುಳ್ಳು ಇದು ಎಂದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆವು. ಅಲ್ಲಿ ಆಗಲಿಲ್ಲ. ಆಮೇಲೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹಾಕಿದೆವು. ಆನ್‌ಲೈನ್‌ನಲ್ಲೇ ಆಗುತ್ತದೆ. ಅಧಿಕಾರಿಯ ಉತ್ತರ ಬಂದ 30 ದಿನದೊಳಗೆ ಹಾಕಬೇಕು. ಇದನ್ನು ತಿಳಿಯದೆ ದಿನ ಕಳೆದುಕೊಂಡವರನ್ನು ನೋಡಿದ್ದೇನೆ. ಮೇಲ್ಮನವಿ ಹಾಕಿದ ಮೇಲೆ ಕಂಪನಿ ತಾನಾಗಿಯೇ ರಿವ್ಯೂ ತೆಗೆಯಿತು.

ಈಗ ಅವರಿಗೆ ಬರೆದವನು ಯಾರೆಂದು ತಿಳಿಯಬೇಕು. ಅದಕ್ಕೆ ಕೋರ್ಟಿಗೆ ಹೋಗಲೇಬೇಕು. ಹೆಸರು ಗೊತ್ತಿಲ್ಲದ ಪ್ರತಿವಾದಿಯನ್ನು ನಮ್ಮ ಕೋರ್ಟುಗಳಲ್ಲಿ 'ಅಶೋಕ್ ಕುಮಾರ್' ಎಂದು ಬರೆಯುವ ರೂಢಿ ಇದೆ. ಆ ಹೆಸರಿನಲ್ಲೇ ದಾವೆ ಸಿದ್ಧ ಮಾಡಿಟ್ಟಿದ್ದೇನೆ. ಸೋಮವಾರ ಅವರು ಸಹಿ ಹಾಕಲು ಬರುತ್ತಾರೆ.