ರಾಬ್ ಆಗುವುದು ಮನುಷ್ಯ, ಸ್ಟೀಲ್ ಆಗುವುದು ವಸ್ತು

ಕಳೆದ ಚಳಿಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅಣ್ಣನ ಮಗನನ್ನು ಜೊತೆಗೆ ಕರೆದುಕೊಂಡು ನನ್ನ ಕಚೇರಿಗೆ ಬಂದರು. ಉಗ್ರಾಣದಲ್ಲಿಟ್ಟಿದ್ದ ನಾಲ್ಕು ಚೀಲ ಅಡಿಕೆ ರಾತ್ರೋರಾತ್ರಿ ಹೋಗಿತ್ತು. ಠಾಣೆಗೆ ಕೊಟ್ಟ ದೂರು ಕನ್ನಡದಲ್ಲಿತ್ತು. ವಿಮಾ ಕಂಪನಿಗೆ ಇಂಗ್ಲಿಷಿನಲ್ಲಿ ಪತ್ರ ಬೇಕಿತ್ತು. ಹುಡುಗ ಕಾಲೇಜು ಓದುವವನು, ತಾನೇ ಬರೆದುಕೊಂಡು ಬಂದಿದ್ದ. ನಾನು ನೋಡಿ, ತಿದ್ದಿ, ಮೊಹರು ಹಾಕಿ ಕೊಟ್ಟರೆ ಆಯಿತು. ಮೊದಲ ಸಾಲು ಹೀಗಿತ್ತು: ‘ಅನ್‌ನೋನ್ ಪರ್ಸನ್ಸ್ ರಾಬ್ಡ್ ಫೋರ್ ಬ್ಯಾಗ್ಸ್ ಆಫ್ ಅರೆಕಾನಟ್.’

ಅಲ್ಲೇ ಪೆನ್ನು ನಿಂತಿತು.

“ಗೌಡ್ರೇ, ಕಳ್ಳರು ಬಂದಾಗ ನಿಮಗೆ ಎಚ್ಚರ ಇತ್ತಾ? ಯಾರಾದ್ರೂ ಹೆದರಿಸಿದ್ರಾ, ಹಿಡ್ಕೊಂಡ್ರಾ?”

“ಇಲ್ಲ ಸರ್. ಬೆಳಿಗ್ಗೆ ಹಾಲು ಕರೆಯಕ್ಕೆ ಎದ್ದಾಗಲೇ ಗೊತ್ತಾಗಿದ್ದು. ಚಿಲಕ ಮೀಟಿ ಹಾಕಿದ್ರು.”

ಹಾಗಿದ್ದರೆ ಅದು ‘ರಾಬ್’ ಅಲ್ಲ. ವ್ಯಾಕರಣದ ಲೆಕ್ಕದಲ್ಲೂ ಅಲ್ಲ, ಕಾನೂನಿನ ಲೆಕ್ಕದಲ್ಲೂ ಅಲ್ಲ. ಕೋರ್ಟು, ಠಾಣೆ, ವಿಮೆಯ ಕಾಗದಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡುವುದೇ ನನ್ನ ಕಸುಬು. ಈ ಒಂದು ಕ್ರಿಯಾಪದ ತಪ್ಪಾಗುವುದನ್ನು ನಾನು ನೋಡಿದಷ್ಟು ಬೇರೆ ಯಾವುದನ್ನೂ ನೋಡಿಲ್ಲ. ಬರೆಯುವವರು ದಡ್ಡರೆಂದು ಇದರರ್ಥವಲ್ಲ. ತಪ್ಪಿನ ಬೇರು ನಮ್ಮ ಕನ್ನಡದಲ್ಲೇ ಇದೆ.

‘ದೋಚು’ ಎಂಬ ಮಾತನ್ನು ತೆಗೆದುಕೊಳ್ಳಿ. ‘ಕಳ್ಳರು ಮನೆ ದೋಚಿದರು’ ಅನ್ನುತ್ತೇವೆ, ‘ಒಡವೆ ದೋಚಿದರು’ ಎಂದೂ ಅನ್ನುತ್ತೇವೆ. ಕಳೆದುಕೊಂಡ ಮನೆಯೂ ಅದಕ್ಕೆ ಕರ್ಮ, ಕಳೆದುಹೋದ ಒಡವೆಯೂ ಕರ್ಮ. ‘ಲೂಟಿ ಮಾಡು’ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಈ ಸಡಿಲಿಕೆ ಇಲ್ಲ. ‘ಸ್ಟೀಲ್’ ಮಾಡುವುದು ವಸ್ತುವನ್ನು: ಫೋನು, ಸರ, ಅಡಿಕೆ. ‘ರಾಬ್’ ಮಾಡುವುದು ಕಳೆದುಕೊಂಡವರನ್ನು: ಆ ಮನುಷ್ಯನನ್ನು, ಆ ಬ್ಯಾಂಕನ್ನು, ಆ ಅಂಗಡಿಯನ್ನು. ವಸ್ತು, ಕಳೆದುಕೊಂಡವರು ಎರಡನ್ನೂ ಹೇಳಬೇಕಾದರೆ ಒಂದಕ್ಕೆ ‘ಫ್ರಮ್’, ಇನ್ನೊಂದಕ್ಕೆ ‘ಆಫ್’: ‘ದೇ ಸ್ಟೋಲ್ ದಿ ಚೈನ್ ಫ್ರಮ್ ಹರ್’, ‘ದೇ ರಾಬ್ಡ್ ಹರ್ ಆಫ್ ದಿ ಚೈನ್’. ವಸ್ತುವನ್ನೇ ‘ರಾಬ್’ ಮಾಡುವ ಬಳಕೆ ಹಿಂದಿನ ಶತಮಾನಗಳ ಇಂಗ್ಲಿಷಿನಲ್ಲಿ ಇತ್ತು. ಈಗಿನ ಶಿಷ್ಟ ಬರಹದಲ್ಲಿ ಅದಕ್ಕೆ ಜಾಗವಿಲ್ಲ.

ಇದನ್ನು ನೆನಪಿಡಲು ಹುಡುಗನಿಗೆ ನಾನು ತೋರಿಸಿದ್ದು ಅವರ ಮನೆಯದೇ ಮಾತನ್ನು, ‘ಸುಲಿ’. ಅಡಿಕೆ ಸುಲಿಯುತ್ತೇವೆ, ಬಾಳೆಹಣ್ಣು ಸುಲಿಯುತ್ತೇವೆ. ಸುಲಿಸಿಕೊಂಡದ್ದು ಮೈಮೇಲಿನದನ್ನು ಕಳೆದುಕೊಂಡು ಬರಿದಾಗಿ ನಿಲ್ಲುತ್ತದೆ. ‘ಸಿಪ್ಪೆ ಸುಲಿ’ ಅನ್ನುವುದೂ ಉಂಟು, ನಿಜ. ಆದರೆ ಮಾತು ಮನುಷ್ಯರ ಮೇಲೆ ಬಂದಾಗ ನಾವು ಸುಲಿಯುವುದು ಮನುಷ್ಯನನ್ನೇ: ‘ಬಡ್ಡಿಯವರು ಅವನನ್ನ ಸುಲಿದುಬಿಟ್ರು.’ ಅದರಿಂದಲೇ ಸುಲಿಗೆ ಬಂದದ್ದು. ಇಂಗ್ಲಿಷಿನ ‘ರಾಬ್’ ಹುಟ್ಟಿದ್ದೂ ಇದಕ್ಕೆ ತೀರ ಹತ್ತಿರದ ಜಾಗದಲ್ಲಿ. ಹಳೆಯ ಫ್ರೆಂಚಿನ ಮೂಲಕ ಬಂದ ಜರ್ಮನ್ ಕುಲದ ಮಾತು ಅದು. ನ್ಯಾಯಾಧೀಶರು ತೊಡುವ ನಿಲುವಂಗಿಯ ‘ರೋಬ್’ ಕೂಡ ಅದೇ ಬೇರಿನದು. ಹಳೆಯ ಫ್ರೆಂಚಿನಲ್ಲಿ ‘ರೋಬ್’ ಎಂದರೆ ಕೊಳ್ಳೆ ಹೊಡೆದ ಮಾಲು, ಸೋತವರ ಮೈಯಿಂದ ಬಿಚ್ಚಿಕೊಂಡ ಬಟ್ಟೆ. ಅದು ಬರೀ ಬಟ್ಟೆ ಎಂಬ ಅರ್ಥಕ್ಕೆ ಇಳಿದದ್ದು ಆಮೇಲೆ. ಮೈಮೇಲಿನದನ್ನು ಕಿತ್ತು ಬರಿಮೈ ಮಾಡುವ ಚಿತ್ರ ಎರಡು ಭಾಷೆಯಲ್ಲೂ ಒಂದೇ. ಆದ್ದರಿಂದ ‘ರಾಬ್’ ಬರೆಯುವ ಮುಂಚೆ ಆ ಜಾಗದಲ್ಲಿ ‘ಸುಲಿ’ ಇಟ್ಟು ನೋಡಿ. ಗೌಡರನ್ನು ಸುಲಿದರು ಅನ್ನಬಹುದು. ನಾಲ್ಕು ಚೀಲವನ್ನು ಸುಲಿದರು ಅಂದರೆ ಅದು ಕೂಲಿ ಆಳುಗಳ ಲೆಕ್ಕವಾಗುತ್ತದೆ.

‘ಸ್ಟೀಲ್’ಗೆ ಸರಿಯಾದ ಜೋಡಿ ನಮ್ಮ ‘ಕದಿ’. ಎರಡರಲ್ಲೂ ಮುಖ್ಯವಾದದ್ದು ಗುಟ್ಟು, ಯಾರಿಗೂ ಕಾಣದಂತೆ ಮಾಡುವುದು. ಸದ್ದಿಲ್ಲದ ನಡೆಗೆ ಇಂಗ್ಲಿಷಿನಲ್ಲಿ ‘ಸ್ಟೆಲ್ತ್’ ಎನ್ನುತ್ತಾರೆ, ಅದು ‘ಸ್ಟೀಲ್’ನ ಒಡಹುಟ್ಟು. ಕದ್ದು ನೋಡುವುದು ‘ಸ್ಟೀಲ್ ಎ ಗ್ಲಾನ್ಸ್’, ಕದ್ದು ಜಾರಿಕೊಳ್ಳುವುದು ‘ಸ್ಟೀಲ್ ಅವೇ’. ಕಳ್ಳಹೆಜ್ಜೆ, ಕಳ್ಳನೋಟ, ಕದ್ದುಮುಚ್ಚಿ ಎಂದು ನಾವು ಎಷ್ಟು ಸಲೀಸಾಗಿ ಆಡುತ್ತೇವೋ ಅವರೂ ಅಷ್ಟೇ ಸಲೀಸಾಗಿ ಆಡುತ್ತಾರೆ. ಅಂಗಡಿಯ ಮಾತಿನಲ್ಲೂ ಈ ಎರಡರ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ತೀರ ಅಗ್ಗಕ್ಕೆ ಸಿಕ್ಕಿದ ಮಾಲನ್ನು ಅವರು ‘ಎ ಸ್ಟೀಲ್’ ಅನ್ನುತ್ತಾರೆ, ಕೊಂಡವನೇ ವಸ್ತು ಹೊಡೆದುಕೊಂಡು ಬಂದಹಾಗೆ. ವಿಪರೀತ ಬೆಲೆ ಹೇಳಿದರೆ ಅದು ‘ಡೇಲೈಟ್ ರಾಬರಿ’, ನಮ್ಮ ಹಗಲು ದರೋಡೆ. ಅಲ್ಲಿ ಸುಲಿಸಿಕೊಂಡವನು ಗಿರಾಕಿ.

ವ್ಯಾಕರಣದ ಮಾತು ಇಷ್ಟು. ಈ ಕ್ರಿಯಾಪದಗಳ ಮೇಲೆ ವರ್ಷಗಳ ಜೈಲು ನಿಂತಿರುವುದರಿಂದ ಕಾನೂನನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303ನೇ ಕಲಂ. ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ, ಒಬ್ಬರ ವಶದಲ್ಲಿರುವ ಚರ ಸ್ವತ್ತನ್ನು ತೆಗೆದುಕೊಳ್ಳಲೆಂದು ಅದನ್ನು ಕದಲಿಸಿದರೆ ಕಳವು ಆದಂತೆ. ನೆಲಕ್ಕೆ ಅಂಟಿಕೊಂಡಿರುವುದು ಚರ ಸ್ವತ್ತಲ್ಲ, ಕಡಿದು ಬೇರೆ ಮಾಡಿದ ಕ್ಷಣ ಅದು ಚರ ಸ್ವತ್ತಾಗುತ್ತದೆ. ಮರದ ಮೇಲಿರುವ ಅಡಿಕೆ ಗೊನೆಗೂ ಇದೇ ಲೆಕ್ಕ, ಕತ್ತಿ ಬಿದ್ದ ಕ್ಷಣ ಕಳವು. 1860ರ ಹಳೆಯ ದಂಡ ಸಂಹಿತೆಯ ಕಾಲದಿಂದ ಬಂದ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಒಬ್ಬ ತನ್ನ ಜೇಬಿನಲ್ಲಿ ನಾಯಿಗೆ ಆಸೆ ಹುಟ್ಟಿಸುವ ತಿನಿಸು ಇಟ್ಟುಕೊಂಡು ಹೋಗುತ್ತಾನೆ, ಇನ್ನೊಬ್ಬರ ನಾಯಿ ಅವನ ಹಿಂದೆ ಹೊರಡುತ್ತದೆ. ನಾಯಿ ಹೆಜ್ಜೆ ಎತ್ತಿದ ಕೂಡಲೇ ಕಳವು ಪೂರ್ತಿಯಾಯಿತು, ಮುಟ್ಟಬೇಕಾದ್ದೇ ಇಲ್ಲ. ‘ಸ್ಟೀಲ್’ನ ಮೆತ್ತನೆಯ ಸ್ವಭಾವ ಅಷ್ಟು ಚೆನ್ನಾಗಿ ಅದರಲ್ಲಿದೆ.

ತಟ್ಟನೆ ಬಲವಂತವಾಗಿ ಕಸಿದುಕೊಳ್ಳುವುದಕ್ಕೆ ಈಗ 304 ಎಂಬ ಬೇರೆ ಕಲಮೇ ಬಂದಿದೆ. ಸರಗಳ್ಳರ ಕೇಸುಗಳಲ್ಲಿ ಈ ಮಾತು ಬೇಕಾಗುತ್ತದೆ, ಇಂಗ್ಲಿಷಿನ ‘ಸ್ನ್ಯಾಚ್’ ಅದೇ. ಕಳವಿನ ಜೊತೆ ಹೊಡೆತ, ತಡೆದು ನಿಲ್ಲಿಸುವುದು ಅಥವಾ ಆ ಕ್ಷಣದ ಪ್ರಾಣಭಯ ಸೇರಿದರೆ 309, ಅಂದರೆ ರಾಬರಿ. ಶಿಕ್ಷೆ ಹತ್ತು ವರ್ಷದವರೆಗೆ. ಸೂರ್ಯ ಮುಳುಗಿ ಹುಟ್ಟುವುದರೊಳಗೆ ಹೆದ್ದಾರಿಯಲ್ಲಿ ನಡೆದರೆ ಹದಿನಾಲ್ಕರವರೆಗೆ. ಐದು ಅಥವಾ ಹೆಚ್ಚು ಜನ ಸೇರಿ ಮಾಡಿದರೆ 310, ಡಕಾಯಿತಿ. ಪತ್ರಿಕೆಗಳಲ್ಲಿ ಇವೆಲ್ಲಕ್ಕೂ ‘ದರೋಡೆ’ ಎಂದೇ ಶೀರ್ಷಿಕೆ ಬೀಳುತ್ತದೆ. ಓದುವವರಿಗೆ ಅದು ಸಾಕಾಗಬಹುದು, ಅನುವಾದ ಮಾಡುವವರಿಗೆ ಸಾಲದು. ಒಬ್ಬ ಹುಡುಗ ಅಂಗಡಿಯಿಂದ ಎತ್ತಿಕೊಂಡದ್ದನ್ನು ನಾನು ‘ರಾಬ್ಡ್’ ಎಂದು ಬರೆದರೆ, ಅವನು ಮಾಡದ ಹಿಂಸೆಯೊಂದನ್ನು ಅವನ ತಲೆಗೆ ಕಟ್ಟಿದ ಹಾಗೆ. ಹೆಂಗಸೊಬ್ಬಳಿಗೆ ಚೂರಿ ತೋರಿಸಿ ಕಿತ್ತುಕೊಂಡದ್ದನ್ನು ‘ಸ್ಟೋಲ್’ ಎಂದಷ್ಟೇ ಬರೆದರೆ, ಆ ಹೆಂಗಸು ಪಟ್ಟ ಭಯ ಕಾಗದದಿಂದಲೇ ಅಳಿಸಿಹೋಗುತ್ತದೆ. ಎರಡೂ ನನಗೆ ಸಹಿಸಲಾಗದ ತಪ್ಪುಗಳು.

ಕರ್ಮಣಿಯಲ್ಲಿ ಇನ್ನೊಂದು ಗುಂಡಿ ಇದೆ. ಲಂಡನ್ನಿನಲ್ಲಿ ಓದುತ್ತಿರುವ ಶಿವಮೊಗ್ಗದ ಹುಡುಗಿಯೊಬ್ಬಳು ಅಲ್ಲಿಯ ಪೊಲೀಸರಿಗೆ ಕೊಡುವ ಹೇಳಿಕೆಯನ್ನು ನೋಡಿಕೊಡಿ ಎಂದು ಕಳಿಸಿದ್ದಳು. ‘ಐ ವಾಸ್ ಸ್ಟೋಲನ್ ಮೈ ಫೋನ್’ ಎಂದು ಶುರುವಾಗಿತ್ತು. ‘ಐ ವಾಸ್ ಸ್ಟೋಲನ್’ ಅಂದರೆ ನನ್ನನ್ನೇ ಕದ್ದೊಯ್ದರು ಎಂದಾಗುತ್ತದೆ. ‘ಮೈ ಫೋನ್ ವಾಸ್ ಸ್ಟೋಲನ್’ ಸರಿ, ‘ಐ ಹ್ಯಾಡ್ ಮೈ ಫೋನ್ ಸ್ಟೋಲನ್’ ಕೂಡ ಸರಿ. ಹಾಗಾದರೆ ‘ಐ ವಾಸ್ ರಾಬ್ಡ್’ ಎಂದು ಬರೆಯಲೇ ಎಂದು ಕೇಳಿದಳು. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್‌ನಲ್ಲೂ ರಾಬರಿ ಎಂದರೆ ಕಳವಿನ ಜೊತೆಗೆ ಬಲಪ್ರಯೋಗ ಅಥವಾ ಬೆದರಿಕೆ. ಸೈಕಲ್ಲಿನಲ್ಲಿ ಹಿಂದಿನಿಂದ ಬಂದವನು ಕೈಯಿಂದ ಫೋನ್ ಎಗರಿಸಿಕೊಂಡು ಹೋಗಿದ್ದ. ಆದದ್ದನ್ನು ಆದ ಹಾಗೇ ಬರೆ ಮಗಳೇ, ‘ಸ್ನ್ಯಾಚ್ಡ್ ಇಟ್ ಫ್ರಮ್ ಮೈ ಹ್ಯಾಂಡ್’ ಅಂತ. ಅದಕ್ಕೆ ಹೆಸರಿಡುವುದು ಅವರ ಕೆಲಸ ಎಂದು ಹೇಳಿದೆ. ಯಾವ ಕ್ರಿಯಾಪದ ಎಂದು ಅನುಮಾನ ಬಂದಾಗೆಲ್ಲ ನಾನು ಮಾಡುವುದು ಇದನ್ನೇ.

ಉಳಿದ ಮಾತುಗಳು ಸುಲಭ. ‘ಬರ್ಗಲ್’ ನಮ್ಮ ‘ಕನ್ನ ಹಾಕು’, ಅದಕ್ಕೆ ಕರ್ಮ ಮನೆ. ಸ್ವಲ್ಪ ಸ್ವಲ್ಪವೇ ಎತ್ತುವುದು ‘ಪಿಲ್ಫರ್’. ನಂಬಿ ಒಪ್ಪಿಸಿದ ಹಣವನ್ನು ನುಂಗಿ ನೀರು ಕುಡಿಯುವುದು ‘ಎಂಬೆಜಲ್’. ‘ಪಿಂಚ್’, ‘ನಿಕ್’ ಬ್ರಿಟಿಷರ ಆಡುಮಾತು, ದೂರಿನಲ್ಲಿ ಬೇಡ.

ಗೌಡರ ಪತ್ರಕ್ಕೆ ಮಾತ್ರ ‘ಬರ್ಗಲ್’ನ ಕಡೆ ಗಮನ ಕೊಡಲೇಬೇಕಿತ್ತು. ಬರ್ಗ್ಲರಿ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬಲವಂತದ ಪ್ರವೇಶ ಎಂಬ ಷರತ್ತಿರುತ್ತದೆ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಬರೀ ಕಳವಿಗೆ ಪರಿಹಾರ ಸಿಗದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಹುಡುಗನ ಪತ್ರದಲ್ಲಿ ‘ರಾಬ್ಡ್’ ಇತ್ತು, ಮೀಟಿದ ಚಿಲಕದ ಮಾತೇ ಇರಲಿಲ್ಲ. ಆಗದೇ ಇದ್ದದ್ದು ಬಂದು ಕೂತು, ಆದದ್ದು ಬಿಟ್ಟುಹೋಗಿತ್ತು. ಅವರ ಪಾಲಿಗೆ ಇಡೀ ಪತ್ರದಲ್ಲಿ ಆ ಚಿಲಕಕ್ಕಿಂತ ಮುಖ್ಯವಾದದ್ದು ಇನ್ನೊಂದಿರಲಿಲ್ಲ. ಹೊಸ ಸಾಲು ಹೀಗಾಯಿತು: ‘ಸಮ್‌ಒನ್ ಫೋರ್ಸ್ಡ್ ದಿ ಬೋಲ್ಟ್ ಆಫ್ ಮೈ ಸ್ಟೋರ್‌ರೂಮ್ ಅಂಡ್ ಸ್ಟೋಲ್ ಫೋರ್ ಬ್ಯಾಗ್ಸ್ ಆಫ್ ಅರೆಕಾನಟ್.’

ಸಹಿ ಹಾಕಿಸುವ ಮುಂಚೆ ಪ್ರತಿ ಸಾಲನ್ನೂ ಕನ್ನಡದಲ್ಲಿ ತಿರುಗಿ ಹೇಳುವುದು ನನ್ನ ರೂಢಿ. ಯಾರೋ ನನ್ನ ಉಗ್ರಾಣದ ಚಿಲಕ ಮೀಟಿ ನಾಲ್ಕು ಚೀಲ ಅಡಿಕೆ ಕದ್ದಿದ್ದಾರೆ ಎಂದು ಓದಿದೆ. ಗೌಡರು ತಲೆಯಾಡಿಸಿ, ಪೆನ್ನು ಹಿಡಿದ ಕೈ ಕೆಳಗಿಟ್ಟರು.

“ಬರೀ ಅಡಿಕೆ ಅಂದ್ರೆ ಸಿಪ್ಪೆಗೋಟು ಅಂದ್ಕೊಂಡಾರು ಸರ್. ಸುಲಿದು ಬೇಯಿಸಿ ಒಣಗಿಸಿದ್ದು ಅಂತ ಹಾಕಿ.”

ಹಾಕಿದೆ. ಆಮೇಲೆ ಸಹಿ ಮಾಡಿದರು.